13 ಗ್ರಾಂ ಎಣ್ಣೆ ಮತ್ತು ಒಂದು ನೋಟಿಸು

ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲು ಇಟ್ಟವರಿಗೆ ತಕರಾರು ಹೊಸದಲ್ಲ. ಶೇಂಗಾ ಕೊಟ್ಟವರದ್ದೊಂದು, ಎಣ್ಣೆ ಒಯ್ದವರದ್ದೊಂದು ಇದ್ದೇ ಇರುತ್ತದೆ. ಅಪ್ಪನ ಕಾಲದಲ್ಲಿ ಅವೆಲ್ಲ ಮಂಡಿಯಲ್ಲಿ ಕೂತು ಚಹಾ ಕುಡಿಯುವಷ್ಟರಲ್ಲಿ ಮುಗಿದು ಹೋಗುತ್ತಿದ್ದವು. 2023ರ ಮೇ ತಿಂಗಳಲ್ಲಿ ನನಗೆ ಬಂದ ವಕೀಲರ ನೋಟಿಸು ಮಾತ್ರ ಬೇರೆ ಥರದ್ದು. ಕಳಿಸಿದವರು ವ್ಯಾಪಾರಿಯಲ್ಲ, ದಾವಣಗೆರೆಯ ಒಬ್ಬ ನಿವೃತ್ತ ಮೇಷ್ಟ್ರು. ನಮ್ಮ ಒಂದು ಲೀಟರ್ ಪ್ಯಾಕೆಟ್ಟಿನಲ್ಲಿ 13 ಗ್ರಾಂ ಎಣ್ಣೆ ಕಮ್ಮಿ ಇದೆ ಅನ್ನುವುದು ಅವರ ದೂರು.

ಮೊದಲು ನಕ್ಕೆ. ಆಮೇಲೆ ನೋಟಿಸಿನ ಎರಡನೇ ಪುಟ ಓದಿದೆ. ಅವರು ಒಂದು ತಿಂಗಳ ಹಿಂದೆಯೇ ನಮ್ಮ ವಿಳಾಸಕ್ಕೆ ಪತ್ರ ಬರೆದಿದ್ದರು. ಹುಡುಕಿದರೆ ಆಫೀಸಿನ ಡ್ರಾಯರಿನಲ್ಲಿ, ಕರೆಂಟ್ ಬಿಲ್ಲುಗಳ ಕೆಳಗೆ ಸಿಕ್ಕಿತು. ಕವರು ಒಡೆದಿತ್ತು. ಓದಿ, ಯಾರೋ ಸುಮ್ನೆ ಒಳಗಿಟ್ಟಿದ್ದರು. ಆ 'ಯಾರೋ' ನಾನೇ ಇರಬಹುದು.

ವಕೀಲರ ಹತ್ತಿರ ಹೋದೆ. ಒಂದು ಲೀಟರ್ ಪ್ಯಾಕೆಟ್ಟಿಗೆ 15 ಮಿಲಿ ತನಕ ಹೆಚ್ಚುಕಮ್ಮಿಯನ್ನು ನಿಯಮವೇ ಒಪ್ಪುತ್ತದೆ, ವಾದ ಮಾಡಬಹುದು ಅಂದರು. 2011ರ ಪ್ಯಾಕೇಜ್ ಸಾಮಗ್ರಿಗಳ ನಿಯಮದಲ್ಲಿ ಹಾಗೆ ಇರುವುದು ನಿಜ. 13 ಗ್ರಾಂ ಅಂದರೆ ಸುಮಾರು 14 ಮಿಲಿ. ಬಚಾವಾದೆ ಅಂದುಕೊಂಡು ವಾಪಸ್ ಬಂದೆ. ಆದರೂ ಒಳಗೆ ಏನೋ ಕೊರೆಯುತ್ತಿತ್ತು. ಅದೇ ಮಧ್ಯಾಹ್ನ ಪ್ಯಾಕಿಂಗ್ ಜಾಗದಿಂದ 20 ಪ್ಯಾಕೆಟ್ ತೆಗೆಸಿ, ಖಾಲಿ ಕವರಿನ ತೂಕ ಕಳೆದು, ಒಂದೊಂದಾಗಿ ತೂಗಿದೆ. 898, 896, 897, 897 ಗ್ರಾಂ. ಒಂದು ಲೀಟರಿಗೆ ಬರಬೇಕಾದ 910 ಗ್ರಾಂ ಅನ್ನು ಇಪ್ಪತ್ತರಲ್ಲಿ ಒಂದೂ ಮುಟ್ಟಲಿಲ್ಲ.

ನಿಯಮದ ಇನ್ನೊಂದು ಭಾಗ ಇರುವುದೇ ಇಲ್ಲಿ. ಒಂದು ಪ್ಯಾಕೆಟ್ ಚೂರು ಕಮ್ಮಿ ಬರಬಹುದು, ಆದರೆ ಎಲ್ಲದರ ಸರಾಸರಿ ಬರೆದ ಅಳತೆಗಿಂತ ಇಳಿಯುವ ಹಾಗಿಲ್ಲ. ನಮ್ಮದು ಎಲ್ಲವೂ ಕಮ್ಮಿ. ದಿನಕ್ಕೆ ಸಾವಿರ ಪ್ಯಾಕೆಟ್ ಲೆಕ್ಕ ಹಿಡಿದರೆ 13 ಕಿಲೋ ಎಣ್ಣೆ, ಅಂದರೆ 15 ಕಿಲೋ ಟಿನ್ನಿಗೆ ಎರಡೇ ಕಿಲೋ ಕಡಿಮೆ. ದಿನಾ ಹೆಚ್ಚೂಕಮ್ಮಿ ಒಂದು ಟಿನ್ ಎಣ್ಣೆ ಜನರದ್ದು ನನ್ನ ಹತ್ತಿರ ಉಳಿಯುತ್ತಿತ್ತು. ನನಗೆ ಗೊತ್ತಿರಲಿಲ್ಲ ಅನ್ನುವುದು ಸತ್ಯ. ಅದನ್ನು ಮೇಷ್ಟ್ರು ಯಾಕೆ ನಂಬಬೇಕು?

ಕಾರಣ ಹುಡುಕಲು ಎರಡು ದಿನ ಹಿಡಿಯಿತು. ನಮ್ಮ ಮಷೀನು ತುಂಬುವುದು ಲೀಟರಿನ ಲೆಕ್ಕದಲ್ಲಿ, ತೂಕ ನೋಡಿ ಅಲ್ಲ. ಎಣ್ಣೆ ಬಿಸಿಯಾದರೆ ಹಿಗ್ಗುತ್ತದೆ. ಲೀಟರ್ ಅಷ್ಟೇ ಇದ್ದರೂ ತೂಕ ಇಳಿಯುತ್ತದೆ. ಮುಂಚೆ ಸೋಸಿದ ಎಣ್ಣೆ ಒಂದು ರಾತ್ರಿ ಟ್ಯಾಂಕಿನಲ್ಲಿ ನಿಂತು ತಣಿಯುತ್ತಿತ್ತು. ಬೇಡಿಕೆ ಜಾಸ್ತಿಯಾದ ಮೇಲೆ ಬಿಸಿ ಎಣ್ಣೆಯನ್ನೇ ನೇರ ಪ್ಯಾಕಿಂಗಿಗೆ ಬಿಡುತ್ತಿದ್ದೆವು. ಟ್ಯಾಂಕಿಗೆ ಥರ್ಮಾಮೀಟರ್ ಇಳಿಸಿದರೆ 50 ಡಿಗ್ರಿ ತೋರಿಸಿತು. 30 ಡಿಗ್ರಿಯಲ್ಲಿ 910 ಗ್ರಾಂ ಇರುವ ಒಂದು ಲೀಟರ್, ಅಲ್ಲಿ 897ರ ಹತ್ತಿರ ಬರುತ್ತದೆ. ಬಿಸಿ ಎಣ್ಣೆಯ ಈ ಗುಣವನ್ನು ಬೇಕಂತಲೇ ಬಳಸಿಕೊಂಡವರೂ ನಮ್ಮ ಧಂದೆಯಲ್ಲಿದ್ದರು. ಪ್ಯಾಕೆಟ್ ಮೇಲೆ ಲೀಟರ್ ಪಕ್ಕ 60 ಡಿಗ್ರಿ ಅಂತ ಸಣ್ಣಕ್ಷರದಲ್ಲಿ ಹಾಕಿದರೆ ಗ್ರಾಂ ಕಮ್ಮಿ ತುಂಬಬಹುದಿತ್ತು. ಹಾಗೆ ಉಷ್ಣಾಂಶ ಹಾಕಬೇಡಿ ಅಂತ ಕೇಂದ್ರ ಸರ್ಕಾರ 2022ರ ಆಗಸ್ಟ್‌ನಲ್ಲಿ ಕಂಪನಿಗಳಿಗೆ ಹೇಳಿತು.

ವಕೀಲರು ಬೇಡ ಅಂದರೂ ನಾನು ದಾವಣಗೆರೆಗೆ ಹೋದೆ. ಹೇಗೂ ಕೇಸಾದರೆ ಓಡಾಡಬೇಕಾದವನು ನಾನೇ. 2019ರ ಗ್ರಾಹಕರ ಕಾಯ್ದೆ ಪ್ರಕಾರ ಅವರು ತಾವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ವಕೀಲರೂ ಬೇಕಿಲ್ಲ, ಇಷ್ಟು ಸಣ್ಣ ಮೊತ್ತಕ್ಕೆ ಫೀಸೂ ಇಲ್ಲ. ಮೇಷ್ಟ್ರು ಬಾಗಿಲು ತೆಗೆದು, ಕೂರಿಸಿ, ಪ್ಯಾಕೆಟ್ ತೂಗಿದ ಚೀಟಿ ತೋರಿಸಿದರು. ಪಕ್ಕದ ಬೀದಿಯ ಬೆಳ್ಳಿ ಅಂಗಡಿಯಲ್ಲಿ ತೂಗಿಸಿದ್ದರಂತೆ!

"ತಪ್ಪು ನಮ್ಮದೇ ಸರ್, ನಾನೇ ತೂಗಿ ನೋಡಿದೆ" ಅಂದೆ. ನನ್ನ 20 ಪ್ಯಾಕೆಟ್ಟಿನ ಲೆಕ್ಕವನ್ನೂ ಮುಂದಿಟ್ಟೆ. ಅವರು ಕನ್ನಡಕ ಸರಿ ಮಾಡಿಕೊಂಡು ಪೂರ್ತಿ ಓದಿದರು. "ನೋಡಪ್ಪ, ಎರಡು ರೂಪಾಯಿ ಎಣ್ಣೆಗೆ ನಾನು ವಕೀಲರ ಹತ್ತಿರ ಹೋಗಲಿಲ್ಲ. ಕಾಗದ ಬರೆದೆ, ನೀನು ಉತ್ತರ ಕೊಡಲಿಲ್ಲ" ಅಂದರು. ಅವರ ವಕೀಲರ ಖರ್ಚು ಕೊಡಲು ಹೋದೆ, ಅದನ್ನಷ್ಟೇ ತಗೊಂಡರು. ರಾಜಿ ಆಗಿದ್ದನ್ನು ಇಬ್ಬರೂ ಬರೆದು ಸಹಿ ಹಾಕಿದೆವು. ಬಾಯಿಮಾತಿಗೆ ಬಿಡಲಿಲ್ಲ.

ಅಂಗಡಿಗಳಲ್ಲಿ ಉಳಿದಿದ್ದ ಪ್ಯಾಕೆಟ್ ವಾಪಸ್ ತರಿಸಿದೆ. ಅದು ನೋವಾಗುವ ಖರ್ಚೇ. ಈಗ ಎಣ್ಣೆ ತಣಿಯದೆ ಪ್ಯಾಕಿಂಗ್ ಇಲ್ಲ. ಗಂಟೆಗೆ ಐದು ಪ್ಯಾಕೆಟ್ ತೂಗಿ ಒಂದು ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಮೊದಲ ವಾರ ನಮ್ಮ ಮೇಸ್ತ್ರಿ ತೂಗದೆಯೇ 910, 910, 910 ಅಂತ ಬರೆದಿಟ್ಟಿದ್ದ. ನಿಜವಾಗಿ ತೂಗಿದರೆ ಅಷ್ಟು ಚೆಂದ ಬರಲ್ಲ, ಅಲ್ವಾ? "ಕಮ್ಮಿ ಬಂದರೆ ಕಮ್ಮಿ ಅಂತಲೇ ಬರಿ, ಬೈಯಲ್ಲ" ಅಂತ ಹೇಳಿದ ಮೇಲೆ ಅಂಕಿಗಳು ಸರಿಯಾದವು. ಸುಳ್ಳು ಬರೆದ ಪುಸ್ತಕ ನಾಳೆ ನಮ್ಮ ವಿರುದ್ಧವೇ ಸಾಕ್ಷಿಯಾಗುತ್ತದೆ.

ಇದೇ ಗುಂಗಿನಲ್ಲಿ ಇನ್ನೊಂದು ಕೆಲಸವೂ ಆಯಿತು. ನಮ್ಮಲ್ಲಿ 11 ಜನ ಇದ್ದರೂ ದಿನಗೂಲಿಯವರನ್ನು ಇಎಸ್‌ಐಗೆ, ಅಂದರೆ ಕೆಲಸಗಾರರ ಸರ್ಕಾರಿ ವಿಮೆಗೆ, ಸೇರಿಸಿರಲಿಲ್ಲ. 10 ಜನ ಇದ್ದರೆ ಸೇರಿಸಲೇಬೇಕು. ಕೂಲಿಯ ಮೇಲೆ ನನ್ನದು ನೂರಕ್ಕೆ 3.25, ಅವರದು 0.75. ಎಣ್ಣೆ ಹಿಂಡುವ ಎಕ್ಸ್‌ಪೆಲ್ಲರ್ ಮಷೀನಿಗೆ ಯಾರದ್ದಾದರೂ ಬೆರಳು ಸಿಕ್ಕರೆ ಆ ಉಳಿತಾಯ ಒಂದೇ ದಿನಕ್ಕೆ ಹೋಗುತ್ತದೆ, ಆ ಮನೆಯವರ ಮುಖ ನೋಡುವುದು ಬೇರೆ.

ಪಾಮ್ ಎಣ್ಣೆ ಬೆರೆಸಿ ಶೇಂಗಾ ಹೆಸರಲ್ಲೇ ಕೊಡಿ ಅಂತ ಕೇಳುವ ಅಂಗಡಿಯವರು ಈಗಲೂ ಇದ್ದಾರೆ. "ಆಗಲ್ಲಣ್ಣ" ಅಂತೀನಿ, ಇಬ್ಬರು ಗಿರಾಕಿ ಬಿಟ್ಟೂ ಹೋದರು. ದಿನದ ಒಂದೊಂದು ಬಾಟಲಿ ಎಣ್ಣೆಗೆ ಸೀಲ್ ಹಾಕಿ, ತಾರೀಖು ಬರೆದು ಕಪಾಟಿನಲ್ಲಿಡುತ್ತೇನೆ. ನಮ್ಮಿಂದ ಹೋದಾಗ ಎಣ್ಣೆ ಹೇಗಿತ್ತು ಅಂತ ತೋರಿಸಲು ಬೇಕಾಗುತ್ತದೆ.

ಮೇಷ್ಟ್ರು ಹೋದ ತಿಂಗಳು ಫೋನ್ ಮಾಡಿದ್ದರು. ತೂಕ ಸರಿ ಇದೆಯಂತೆ, ಆದರೆ ಪ್ಯಾಕೆಟ್ಟಿನ ಎಡ ಮೂಲೆ ಸೋರುತ್ತಿದೆಯಂತೆ. ಅವತ್ತೇ ಸಂಜೆ ಮಷೀನು ನಿಲ್ಲಿಸಿ ನೋಡಿದೆವು. ಸೀಲ್ ಹಾಕುವ ಪಟ್ಟಿ ಆ ಕಡೆ ಸವೆದಿತ್ತು.