ಲಾ ರೋಷೆಲ್ ಮುತ್ತಿಗೆಯ ಜಾಗಗಳನ್ನು ನೋಡುವುದು ಹೇಗೆ

ಫ್ರಾನ್ಸಿನ ಲಾ ರೋಷೆಲ್‌ಗೆ ಬಂದವರು ಸೀದಾ ಹಳೇ ಬಂದರಿನ ಗೋಪುರಗಳ ಹತ್ತಿರ ಹೋಗುತ್ತಾರೆ. ನಮ್ಮ ಮನೆಗೆ ಬರುವ ನೆಂಟರನ್ನು ನಾನು ಮೊದಲು ಸಮುದ್ರದ ಕಡೆ ಕರೆದುಕೊಂಡು ಹೋಗುತ್ತೇನೆ. 1627-28ರಲ್ಲಿ ಫ್ರಾನ್ಸಿನ ರಾಜನ ಸೈನ್ಯ ಈ ಊರಿಗೆ ಹಾಕಿದ ಮುತ್ತಿಗೆಯನ್ನು ಗೆದ್ದದ್ದು ಅಲ್ಲೇ.

ಉಬ್ಬರ-ಇಳಿತದ ವೇಳೆಯನ್ನು ಹಿಂದಿನ ರಾತ್ರಿಯೇ ನೋಡಿಟ್ಟುಕೊಳ್ಳಿ. ನೀರು ಪೂರ್ತಿ ಇಳಿಯುವ ಹೊತ್ತಿಗೆ ಮಿನಿಮ್ ಕಡೆಯ ದಡದಲ್ಲಿರಬೇಕು. ಹಳೇ ಬಂದರಿನಿಂದ ಅಲ್ಲಿಗೆ ದೋಣಿ ಸಿಗುತ್ತದೆ. ನೀರಿನಲ್ಲಿ ಒಂದು ಕೆಂಪು ಗೋಪುರ ಕಾಣುತ್ತದೆ, ಹೆಸರು ರಿಶೆಲ್ಯೂ ಗೋಪುರ. ಮುತ್ತಿಗೆಯ ಹೊತ್ತಿನಲ್ಲಿ ಸಮುದ್ರಕ್ಕೆ ಅಡ್ಡ ಕಟ್ಟಿದ ಒಡ್ಡು ಇದ್ದದ್ದು ಅಲ್ಲಿ. ನೀರು ಇಳಿದಾಗ ಅದರ ಕಲ್ಲುಗಳು ಮೇಲೆ ಕಾಣುತ್ತವೆ.

ಇಲ್ಲಿ ಅವಸರ ಬೇಡ. ಆಗ ಊರು ಪ್ರೊಟೆಸ್ಟೆಂಟರದ್ದು, ರಾಜ 13ನೇ ಲೂಯಿ ಕ್ಯಾಥೊಲಿಕ್. ಹಿಂದೆ 1573ರಲ್ಲಿ ಆಗಿನ ರಾಜನ ಸೈನ್ಯ ಗೋಡೆಗಳ ಮೇಲೆ ಮತ್ತೆ ಮತ್ತೆ ಏರಿ ಹೋಗಿ ಸೋತಿತ್ತು. ಸಮುದ್ರದ ದಾರಿ ತೆರೆದಿದ್ದರೆ ಊರಿಗೆ ಊಟ ಬರುತ್ತಲೇ ಇರುತ್ತದೆ, ಅಲ್ವಾ? ಅದಕ್ಕೇ ರಾಜನ ಮುಖ್ಯ ಮಂತ್ರಿ ಕಾರ್ಡಿನಲ್ ರಿಶೆಲ್ಯೂ ಈ ಸಲ ಸಮುದ್ರಕ್ಕೇ ಅಡ್ಡ ಕಟ್ಟಿಸಿದ. ಸುಮಾರು 1,400 ಮೀಟರ್ ಉದ್ದ. ಯೋಜನೆ ವಾಸ್ತುಶಿಲ್ಪಿ ಕ್ಲೆಮಾ ಮೆತೆಜೋನದ್ದು. ಹಡಗುಗಳಿಗೆ ಕಲ್ಲು ತುಂಬಿ ಮುಳುಗಿಸಿದರು, ಅಲೆಯ ಹೊಡೆತ ತಗ್ಗಲಿ ಅಂತ ನಡುವೆ ಸ್ವಲ್ಪ ಜಾಗ ಬಿಟ್ಟರು. 1628ರಲ್ಲಿ ಸಹಾಯಕ್ಕೆ ಬಂದ ಇಂಗ್ಲಿಷ್ ಹಡಗುಪಡೆಗಳಿಗೆ ಅದನ್ನು ದಾಟಲು ಆಗಲಿಲ್ಲ. ದಡದಲ್ಲಿ ನಿಂತು ಒಂದು ಸಲ ಊರಿನ ಕಡೆ, ಒಂದು ಸಲ ಸಮುದ್ರದ ಕಡೆ ನೋಡಿ. ಎಷ್ಟು ಹತ್ತಿರ!

ಆಮೇಲೆ ನಗರಸಭೆಯ ಕಟ್ಟಡಕ್ಕೆ ನಡೆಯಿರಿ. ಎದುರಿಗೆ ಮುತ್ತಿಗೆ ಕಾಲದ ಮೇಯರ್ ಜಾನ್ ಗಿತೋನ್ ಪ್ರತಿಮೆ ಇದೆ. ಶರಣಾಗುವ ಮಾತೆತ್ತಿದವನಿಗೆ ಇದೇ ಅಂತ ಅವನು ಮೇಜಿಗೆ ಕಠಾರಿ ಕುಟ್ಟಿದ ಕಥೆಯನ್ನು ಇಲ್ಲಿ ಎಲ್ಲರೂ ಹೇಳುತ್ತಾರೆ. ಕಥೆ ಕೇಳಿ, ಆದರೆ ಅಷ್ಟಕ್ಕೇ ನಿಲ್ಲಬೇಡಿ. ಊರಿನಿಂದ ಹೊರಗೆ ಕಳಿಸಿದ ಹೆಂಗಸರು, ಮಕ್ಕಳು, ಮುದುಕರನ್ನು ರಾಜನ ಸೈನ್ಯ ದಾಟಲು ಬಿಡಲಿಲ್ಲ. ಎರಡೂ ಕಡೆಯ ನಡುವೆ ಎಷ್ಟೋ ಜನ ಹಸಿವಿನಿಂದ ಸತ್ತರು. ಸುಮಾರು 27,000 ಜನರಿದ್ದ ಊರಿನಲ್ಲಿ ಕೊನೆಗೆ ಉಳಿದವರು 5,000ದಷ್ಟು. ಮಕ್ಕಳನ್ನು ಕರೆದುಕೊಂಡು ಹೋದರೂ ಈ ಭಾಗ ಬಿಡಬೇಡಿ, ಸರಳವಾಗಿ ಹೇಳಿ.

1628ರ ಅಕ್ಟೋಬರ್ 28ರಂದು ಊರು ಶರಣಾಯಿತು. ಗೋಡೆಗಳನ್ನು ಕೆಡವಿಸಿದರು, ಬಂದರಿನ ಗೋಪುರಗಳು ಉಳಿದವು. ಅವನ್ನು ಈಗ ಹತ್ತಿ ನೋಡಿ. ಸಮಯ ಉಳಿದರೆ ಸೇಂಟ್ ಮಿಶೆಲ್ ಬೀದಿಯ ಪ್ರೊಟೆಸ್ಟೆಂಟ್ ಇತಿಹಾಸದ ಮ್ಯೂಸಿಯಂ ಇದೆ. ಅದು ದಿನವೂ ತೆರೆದಿರುವುದಿಲ್ಲ, ಮೊದಲೇ ವಿಚಾರಿಸಿಕೊಂಡು ಹೋಗಿ.