ಸಂಪಿನೊಳಕ್ಕೆ ಇಳಿಸಿದ ಕಂಠ: ನನ್ನ ಅನುಭವ

ಸಾಫ್ಟ್‌ವೇರ್‌ನಲ್ಲಿ ನೂರು ಬಗೆಯ ರಿವರ್ಬ್ (ಕೋಣೆಯಲ್ಲಿ ಸದ್ದು ಮೊಳಗಿ ಉಳಿಯುವ ಪರಿಣಾಮ) ಇರುವಾಗ ನೀರಿನ ಸಂಪಿನೊಳಕ್ಕೆ ಸ್ಪೀಕರ್ ಇಳಿಸುವ ಹುಚ್ಚು ಏಕೆ ಎಂದವರೇ ಈಗ ನಮ್ಮ ಮೂರು ಹಾಡುಗಳನ್ನು ಕೇಳಿ ಸಾಫ್ಟ್‌ವೇರಿನ ಯಾವ ಪ್ರೀಸೆಟ್ (ಸಿದ್ಧ ಸೆಟ್ಟಿಂಗ್) ಎಂದು ವಿಚಾರಿಸುತ್ತಿದ್ದಾರೆ. ಪ್ರೀಸೆಟ್ ಇಲ್ಲ ಸ್ವಾಮಿ. ಬೆಂಗಳೂರಿನ ಹಳೆಯ ಬಾಡಿಗೆ ಮನೆಯ ಸಂಪು, ಸ್ಪೂಲ್ ಟೇಪ್ ಯಂತ್ರ, ಒಂದು ರಿಬ್ಬನ್ ಮೈಕ್, ಅಷ್ಟೇ.

ನಮ್ಮ ತಂಡದ ಹುಡುಗರಿಗೆ ಬೇಕಿದ್ದದ್ದು 1963ರ ಲಂಡನ್ನಿನ ಸದ್ದು. ಆ ವರ್ಷದ ಫೆಬ್ರವರಿ 11ರಂದು ಬೀಟಲ್ಸ್ ತಂಡ ಅಬ್ಬೆ ರೋಡಿನ ಇ.ಎಂ.ಐ. ರೆಕಾರ್ಡಿಂಗ್ ಕಂಪನಿಯ ಸ್ಟುಡಿಯೊದಲ್ಲಿ ಒಂದೇ ದಿನಕ್ಕೆ ಹತ್ತು ಹಾಡು ಮುಗಿಸಿತು. ಟೇಪಿನಲ್ಲಿ ಇದ್ದದ್ದು ಎರಡು ಟ್ರ್ಯಾಕ್, ಅಂದರೆ ಬೇರೆ ಬೇರೆ ಸದ್ದು ಹಿಡಿಯುವ ಎರಡು ಪಟ್ಟಿ: ಒಂದರಲ್ಲಿ ವಾದ್ಯ, ಇನ್ನೊಂದರಲ್ಲಿ ಕಂಠ. ಹಾಗಾಗಿ ನಾನೂ ಎರಡೇ ಟ್ರ್ಯಾಕ್ ಎಂದೆ. ಡ್ರಮ್ಮರ್ ನಕ್ಕ. ಎಲ್ಲರೂ ಒಂದೇ ಕೋಣೆಯಲ್ಲಿ ನಿಂತರೆ ಗಿಟಾರ್ ಕಂಠದ ಮೈಕಿಗೆ ನುಗ್ಗುತ್ತದೆ ಎಂಬುದು ಅವನ ತಕರಾರು.

ನುಗ್ಗಿತು ಕೂಡ. ಮೊದಲ ವಾರಗಳ ಟೇಕುಗಳೆಲ್ಲ ಕಸದ ಬುಟ್ಟಿಗೆ ಹೋದವು. ಅಬ್ಬೆ ರೋಡಿನವರು ಇಬ್ಬರು ಗಾಯಕರನ್ನು ಒಂದೇ ನ್ಯೂಮನ್ ಯು48 ಮೈಕಿನ ಆಚೆ ಈಚೆ ನಿಲ್ಲಿಸುತ್ತಿದ್ದರು. ಆ ಮೈಕಿಗೆ ಹಿಂದೆ ಮುಂದೆ ಕಿವಿ, ಪಕ್ಕಗಳಲ್ಲಿ ಕಿವುಡು. ಯು48ರ ಬೆಲೆಗೆ ನಾನು ಊರಿನ ತೋಟ ಮಾರಬೇಕು. ಹತ್ತು ಸಾವಿರದ ಆಸುಪಾಸಿನ ಚೀನಾ ರಿಬ್ಬನ್ ಮೈಕ್ ತರಿಸಿ (ಅದಕ್ಕೂ ಪಕ್ಕಗಳು ಕಿವುಡೇ), ಗಿಟಾರ್ ಆಂಪ್ಲಿಫೈಯರನ್ನು ಸರಿಯಾಗಿ ಅದರ ಕಿವುಡು ಪಕ್ಕಕ್ಕೆ ತಿರುಗಿಸಿ ಇಟ್ಟೆ. ಕೈಯಳತೆ ಸರಿದರೂ ಕೆಡುತ್ತದೆ. ನೆಲದ ಮೇಲೆ ಟೇಪ್ ಅಂಟಿಸಿ ಗುರುತು ಮಾಡಿದ ಮೇಲೆ ಉಳಿದ ಸೋರಿಕೆ ಹಾಡಿಗೆ ಮೈ ಕೊಟ್ಟಿತು.

ಆಂಪ್ಲಿಫೈಯರ್ ಹಳೆಯ ವಾಲ್ವ್ ರೇಡಿಯೊದಿಂದ ಕಿತ್ತು ಕಟ್ಟಿದ್ದು, ನಾಲ್ಕೈದು ವ್ಯಾಟ್ ಇದ್ದೀತು. ಸಣ್ಣದೇ ಸಾಕು, ವಾಲ್ಯೂಮ್ ಪೂರ್ತಿ ತಿರುಗಿಸಬಹುದು. ನಡುವೆ ಇನ್ನೊಂದು ಚಪಲ. 1964ರಲ್ಲಿ ಇಂಗ್ಲೆಂಡಿನ ಕಿಂಕ್ಸ್ ತಂಡದ ಗಿಟಾರ್ ವಾದಕ ಡೇವ್ ಡೇವಿಸ್ ಸ್ಪೀಕರಿನ ಕಾಗದದ ಕೋನ್ ಅನ್ನು ಬ್ಲೇಡಿನಿಂದ ಸೀಳಿ ಆ ಗರಗರ ಪಡೆದನಲ್ಲ, ಎಲೆಕ್ಟ್ರಾನಿಕ್ ಸಾಮಾನು ಸಿಗುವ ಎಸ್.ಪಿ. ರಸ್ತೆಯಿಂದ ತಂದ ಎರಡು ಸ್ಪೀಕರುಗಳ ಮೇಲೆ ನಾನೂ ಕೈಯಾಡಿಸಿದೆ. ಒಂದು ಸತ್ತೇ ಹೋಯಿತು. ಇನ್ನೊಂದು ಅದ್ಭುತವಾಗಿ ಹರಿದ ಸದ್ದು ಕೊಟ್ಟಿತು, ಅರ್ಧ ಗಂಟೆ ಮಾತ್ರ. ಎಂಟುನೂರು ರೂಪಾಯಿ ನೀರಿಗೆ ಬಿತ್ತು. ಎರಡನೆಯ ಹಾಡಿನ ಸೋಲೊ ಅದರದ್ದೇ.

ಇನ್ನು ಸಂಪು. ಕಂಠವನ್ನು ಅದರೊಳಗೆ ಸ್ಪೀಕರಿನಲ್ಲಿ ನುಡಿಸಿ, ಮೊಳಗುವ ಸದ್ದನ್ನು ಮೈಕಿನಿಂದ ಹಿಡಿಯುವುದು ಉಪಾಯ. ಆರಡಿ ಚೌಕ, ಸಿಮೆಂಟು ಬಳಿದದ್ದು. ಖಾಲಿ ಮಾಡಿಸಿ, ಮುಚ್ಚಳ ತೆರೆದು, ರಾತ್ರಿಯಿಡೀ ಫ್ಯಾನಿನಿಂದ ಗಾಳಿಯಾಡಿಸಿದೆ. ಆಂಪ್ಲಿಫೈಯರ್ ಮೇಲೆಯೇ ಉಳಿಯಿತು. ಕೆಳಗೆ ಸ್ಪೀಕರ್ ಮತ್ತು ಮೈಕಿನ ತಂತಿ ಮಾತ್ರ, ಕರೆಂಟಿನ ವೈರು ಇಳಿಸುವ ಮಾತೇ ಇಲ್ಲ. ಸೂಕ್ಷ್ಮವಾದ ಕಂಡೆನ್ಸರ್ ಮೈಕ್ ತೇವಕ್ಕೆ ಚಟಪಟ ಎನ್ನತೊಡಗಿದ್ದರಿಂದ ಗಟ್ಟಿಮುಟ್ಟಾದ ಡೈನಾಮಿಕ್ ಮೈಕ್ ಇಳಿಸಿದೆ. ಆಗ ದೊಡ್ಡ ತಲೆನೋವು ಶುರು: 95 ಹರ್ಟ್ಸ್ ಸುತ್ತ ಸಂಪು ಗುಂಯ್ ಎನ್ನುತ್ತಲೇ ಇತ್ತು. ಆರಡಿ ಅಂತರದ ಗೋಡೆಗಳಿಗೆ ಅದು ಲೆಕ್ಕದ ಪ್ರಕಾರವೇ. ಕಳುಹಿಸುವ ಕಂಠದಲ್ಲಿ 600 ಹರ್ಟ್ಸ್‌ಗಿಂತ ಕೆಳಗಿನದ್ದನ್ನು ಕತ್ತರಿಸಿದೆ. ಅಬ್ಬೆ ರೋಡಿನ ಎಕೋ ಕೋಣೆಯಲ್ಲಿ (ಇದೇ ಉಪಾಯಕ್ಕೆ ಮೀಸಲಾದ ಕೋಣೆ) ಚರಂಡಿಯ ಮಣ್ಣಿನ ಪೈಪುಗಳನ್ನು ನಿಲ್ಲಿಸಿದ್ದರು, ಸದ್ದು ಚದುರಲೆಂದು. ಹಾರ್ಡ್‌ವೇರ್ ಅಂಗಡಿಯ ಹಿತ್ತಲಲ್ಲಿ ಬಿದ್ದಿದ್ದ ನಾಲ್ಕೈದು ಹಳೆಯ ಪೈಪು ತಂದೆ. ಎಲ್ಲಿ, ಯಾವ ಕೋನದಲ್ಲಿ ನಿಲ್ಲಿಸಿದೆ ಎಂಬುದನ್ನು ಬರೆಯುವುದಿಲ್ಲ. ಅದಕ್ಕೆ ನನ್ನ ಬೆನ್ನು ಬೆಲೆ ತೆತ್ತಿದೆ.

ಆದರೂ ಕಂಠ ಬಾವಿಗೆ ಬಿದ್ದಂತೆ ಹಿಂದಕ್ಕೆ ಹೋಗುತ್ತಿತ್ತು. ಇ.ಎಂ.ಐ.ಯವರು ಕಂಠವನ್ನು ಮೊದಲು ಟೇಪ್ ಯಂತ್ರದಲ್ಲಿ ಹಾಯಿಸಿ, ತುಸು ತಡಮಾಡಿ ಎಕೋ ಕೋಣೆಗೆ ಕಳುಹಿಸುತ್ತಿದ್ದರು; ಆಗ ಮೂಲ ಕಂಠ ಮುಂದೆಯೇ ಉಳಿಯುತ್ತದೆ. ಅಮೆರಿಕದ ಮೆಂಫಿಸ್‌ನಲ್ಲಿ ಸ್ಟುಡಿಯೊ ನಡೆಸುತ್ತಿದ್ದ ಸ್ಯಾಮ್ ಫಿಲಿಪ್ಸ್ ಅದಕ್ಕೂ ಮೊದಲೇ, ಕೋಣೆಯ ಹಂಗಿಲ್ಲದೆ, ಎರಡನೆಯ ಆಂಪೆಕ್ಸ್ ಟೇಪ್ ಯಂತ್ರದಿಂದಲೇ ಪ್ರತಿಧ್ವನಿ ತೆಗೆದಿದ್ದ. ನನ್ನ ಮೂರು ಹೆಡ್ಡಿನ ಯಂತ್ರದಲ್ಲಿ ಸದ್ದನ್ನು ಟೇಪಿಗೆ ಬರೆಯುವ ರೆಕಾರ್ಡ್ ಹೆಡ್ ಮತ್ತು ಅದನ್ನು ಓದುವ ಪ್ಲೇ ಹೆಡ್ ನಡುವೆ ಒಂದೂಕಾಲು ಇಂಚು. ಸೆಕೆಂಡಿಗೆ 7½ ಇಂಚಿನ ವೇಗದಲ್ಲಿ 165 ಮಿಲಿಸೆಕೆಂಡಿನಷ್ಟು ತಡ. ನಮ್ಮ ಲಯಕ್ಕೆ ಅದು ಹೆಚ್ಚಾಯಿತು. ಟೇಪನ್ನು ಎಳೆಯುವ ಕ್ಯಾಪ್‌ಸ್ಟನ್ ಎಂಬ ತಿರುಗುವ ಕಡ್ಡಿಗೆ ಒಂದು ವಸ್ತುವನ್ನು ಸುತ್ತಿ ದಪ್ಪ ಮಾಡಿದೆ. ವೇಗ ಏರಿತು, ತಡ 130ಕ್ಕೆ ಇಳಿಯಿತು. ಆ ವಸ್ತು ಯಾವುದೆಂದು ಕೇಳಬೇಡಿ. ಸೆಲ್ಲೋಟೇಪ್ ಮಾತ್ರ ಅಲ್ಲ, ಅದು ಬಿಸಿಗೆ ಜಾರುತ್ತದೆ. ಅಂದು ಹೆಡ್‌ಫೋನಿನಲ್ಲಿ ಕೇಳಿದ ಡ್ರಮ್ಮರ್ ಮಾತಾಡಲಿಲ್ಲ, ಇನ್ನೊಂದು ಟೇಕ್ ಎಂದ.

ಖರ್ಚು ಒಟ್ಟು ನಲವತ್ತು ಸಾವಿರದ ಹತ್ತಿರ, ಅದರಲ್ಲಿ ಅರ್ಧ ಟೇಪ್ ಯಂತ್ರ ಮತ್ತು ಅದರ ರಿಪೇರಿಗೇ. ಮನೆಗೆ ನೀರಿಲ್ಲದ ದಿನಗಳಲ್ಲಿ ಕೊಂಡ ಕ್ಯಾನುಗಳ ಲೆಕ್ಕ ಹೆಂಡತಿಯ ಬಳಿ ಬೇರೆ ಇದೆ. ತಂಡ ಹದಿನೈದು ಸಾವಿರ ಕೊಟ್ಟಿದೆ, ಉಳಿದದ್ದು ಬರಬೇಕು. ಸದ್ಯ ಕಾಲಿಂಚಿನ ಒಳ್ಳೆಯ ಟೇಪಿನ ಹುಡುಕಾಟದಲ್ಲಿದ್ದೇನೆ. ಅಟ್ಟದಲ್ಲಿ ಅಂಟು ಬಿಡದ ಸ್ಪೂಲುಗಳಿದ್ದರೆ ಹೇಳಿ, ಕೊಳ್ಳುತ್ತೇನೆ. ಅದರಲ್ಲಿ ನಿಮ್ಮ ಅಜ್ಜಿಯ ಹಾಡಿದ್ದರೆ ಮೊದಲು ಕಂಪ್ಯೂಟರಿಗೆ ಇಳಿಸಿ ನಿಮಗೆ ಕೊಟ್ಟೇ ಅಳಿಸುತ್ತೇನೆ.