ಟೋಲ್‌ಗೇಟಿಗೆ ಕಿವಿ ಮುಚ್ಚಿದ ನಾಲ್ಕು ಆಂಟೆನಾ

"ಡಾಂಗಲ್‌ನಲ್ಲಿ ಅರೇ ಕಟ್ತೀಯಾ? ಫೇಸ್ ನಿಲ್ಲಲ್ಲ, ಬಿಡು" ಎಂದಿದ್ದರು ಗೆಳೆಯರು. ಡಾಂಗಲ್ ಅಂದರೆ ಯುಎಸ್‌ಬಿ ರೇಡಿಯೋ ರಿಸೀವರ್; ಹಲವು ಆಂಟೆನಾ ಒಂದಾಗಿ ಕೇಳುವಂತೆ ಜೋಡಿಸಿದರೆ ಅರೇ. ಅದಕ್ಕೆ ಎಲ್ಲದರ ಅಲೆಗಳ ಹೆಜ್ಜೆ, ಅಂದರೆ ಫೇಸ್, ಕೂಡಿಕೊಂಡಿರಬೇಕು. ನಿಂತಿದೆ. ಕೊಪ್ಪಳದ ಹತ್ತಿರ ನಮ್ಮ ಮಾಳಿಗೆ ಮೇಲೆ ಮೂರು ತಿಂಗಳಿಂದ ನಡೆಯುತ್ತಿದೆ.

ಗದ್ದೆಯ ನೀರಿನ ಮಟ್ಟ ಹೇಳಲು ಲೋರಾ (ಕಡಿಮೆ ವಿದ್ಯುತ್ತಿನಲ್ಲಿ ದೂರಕ್ಕೆ ಕಳಿಸುವ ರೇಡಿಯೋ) ಸೆನ್ಸರ್ ಹಾಕಿದ್ದೆ. ಅದು ಬಳಸುವ 865–867 ಮೆಗಾಹರ್ಟ್ಸ್‌ನಲ್ಲಿ ಟೋಲ್‌ನ ಫಾಸ್ಟ್ಯಾಗ್ ರೀಡರ್‌ಗಳೂ ಇವೆ. ಹತ್ತು ಪ್ಯಾಕೆಟ್‌ನಲ್ಲಿ ನಾಲ್ಕು ಹಾಳಾಗುತ್ತಿದ್ದವು. ಟೋಲ್‌ನ ಸದ್ದು ಅಡಗಿಸಲು ಈ ಅರೇ.

ಡಾಂಗಲ್ ಒಂದಕ್ಕೆ ಮೂರು ಸಾವಿರದ ಆಸುಪಾಸು ಬಿತ್ತು. ಮೂರರ ಕ್ರಿಸ್ಟಲ್ (ತಾಳ ಹಾಕುವ ಹರಳು) ಕಿತ್ತು, ನಾಲ್ಕನೆಯದರ 28.8 ಮೆಗಾಹರ್ಟ್ಸ್ ಕ್ಲಾಕನ್ನೇ ಎಲ್ಲಕ್ಕೂ ಕೊಟ್ಟೆ. ಬೆಸುಗೆ ಹಾಕುವಾಗ ಎರಡು ಸುಟ್ಟವು. ಆರು ಸಾವಿರ ಹೋಯಿತು. ಕ್ಲಾಕ್ ಒಂದೇ ಆದರೂ ಪ್ರತಿ ಸಲ ಆನ್ ಮಾಡಿದಾಗ ಫೇಸ್ ಬೇರೆ. ಒಂದೇ ಗದ್ದಲವನ್ನು ನಾಲ್ಕಕ್ಕೂ ಹಂಚಿ ಹೋಲಿಸಲು ನಾಯ್ಸ್ ಸೋರ್ಸ್, ಸ್ಪ್ಲಿಟರ್ ಸೇರಿಸಿ ಅದನ್ನು ಸರಿಮಾಡುವಷ್ಟರಲ್ಲಿ ಏಪ್ರಿಲ್ ಬಂತು. ನಮ್ಮ ಬಿಸಿಲು ಗೊತ್ತಲ್ವಾ? ಡಬ್ಬಿ ಕಾದು ಫೇಸ್ ಮತ್ತೆ ಜಾರಿತು. ಡಬ್ಬಿಯನ್ನು ಟ್ಯಾಂಕಿನ ನೆರಳಿಗೆ ಸರಿಸಿದೆ. ಈಗ ಹತ್ತು ನಿಮಿಷಕ್ಕೊಮ್ಮೆ ತಾನೇ ಕ್ಯಾಲಿಬ್ರೇಟ್ ಆಗುತ್ತದೆ.

ಯಾವುದು ಲೋರಾ, ಯಾವುದು ರೀಡರ್ ಎಂದು ಗುರುತಿಸಲು ನ್ಯೂರಲ್ ನೆಟ್‌ವರ್ಕ್ ಹಿಂದೆ ಒಂದು ತಿಂಗಳು ಕಳೆದೆ. ಅದಕ್ಕೆ ಕಲಿಸಲು ತೆಗೆದುಕೊಂಡ ರೇಡಿಯೋ ಸಿಗ್ನಲ್‌ಗಳ ಸಂಗ್ರಹ, ರೇಡಿಯೋಎಂಎಲ್ 2016 ಡೇಟಾದಲ್ಲಿ ಲೋರಾ ಇಲ್ಲ. ಅದರ ಚಿರ್ಪ್‌ಗಳನ್ನು (ಆವರ್ತನ ಜಾರುತ್ತ ಹೋಗುವ ಅಲೆ) ನಾನೇ ಮಾಡಿ ಸೇರಿಸಿದೆ. ಲ್ಯಾಪ್‌ಟಾಪ್‌ನಲ್ಲಿ ನೂರಕ್ಕೆ 90 ಸರಿ, ಮಾಳಿಗೆ ಮೇಲೆ 50ರ ಹತ್ತಿರ. ಕೈಬಿಟ್ಟೆ. ಬದಲಿಗೆ, ಉಲ್ಟಾ ಚಿರ್ಪ್‌ನಿಂದ ಗುಣಿಸಿ ಎಫ್‌ಎಫ್‌ಟಿ (ಯಾವ ಆವರ್ತನ ಎಷ್ಟಿದೆ ಎಂದು ಬಿಡಿಸುವ ಲೆಕ್ಕ) ಮಾಡಿದರೆ ಲೋರಾ ಒಂದೇ ಚೂಪು ಮೊನೆಯಾಗಿ ಏಳುತ್ತದೆ. ರೀಡರ್‌ನದು ಎಎಸ್‌ಕೆ, ಅಂದರೆ ಅಲೆಯ ಎತ್ತರ ಬದಲಿಸಿ ಮಾತಾಡುವುದು; ಅದರ ಕ್ಯಾರಿಯರ್ (ಮೂಲ ಅಲೆ) ನೇರ ಎಫ್‌ಎಫ್‌ಟಿಯಲ್ಲೇ ಕಾಣುತ್ತದೆ. ಇಷ್ಟೇ ಸಾಕು. ಎರಡರ ನಡುವಿನ ಥ್ರೆಶೋಲ್ಡ್ (ಗಡಿ) ಎಷ್ಟು, ಅದನ್ನು ಹೇಗೆ ಬದಲಿಸುತ್ತೇನೆ ಅನ್ನುವುದನ್ನು ಮಾತ್ರ ಸದ್ಯಕ್ಕೆ ಹೇಳುವುದಿಲ್ಲ.

ಆಂಟೆನಾಗಳ ನಡುವೆ 17.3 ಸೆಂಟಿಮೀಟರ್. ಮೊದಲು ಮ್ಯೂಸಿಕ್ (MUSIC) ಎಂಬ ದಿಕ್ಕು ಹುಡುಕುವ ಲೆಕ್ಕದಿಂದ ಟೋಲ್‌ನ ದಿಕ್ಕು ಹಿಡಿದು, ಅತ್ತಲಿಂದ ಏನೂ ಕೇಳದಂತೆ ನಲ್ ಹಾಕುತ್ತಿದ್ದೆ. ನಮ್ಮ ಸುತ್ತ ಬರೀ ಬಂಡೆಗುಡ್ಡ. ಸಿಗ್ನಲ್ ಬಡಿದು ವಾಪಸ್ ಬರುತ್ತದೆ, ಮ್ಯೂಸಿಕ್ ಇಲ್ಲದ ದಿಕ್ಕು ತೋರಿಸುತ್ತದೆ. ವಾರಗಟ್ಟಲೆ ಸುಮ್ನೆ ತಲೆ ಕೆಡಿಸಿಕೊಂಡೆ. ಕೊನೆಗೆ ದಿಕ್ಕು ಹುಡುಕುವುದನ್ನೇ ಬಿಟ್ಟೆ. ಆ ಎಫ್‌ಎಫ್‌ಟಿಯಿಂದ, ರೀಡರ್ ಒಂದೇ ಮಾತಾಡುವ ಹೊತ್ತು ಯಾವುದು ಅಂತ ಈಗ ನನಗೆ ಗೊತ್ತು. ಆಗಿನ ಸ್ಯಾಂಪಲ್‌ಗಳಿಂದ ಕೋವೇರಿಯನ್ಸ್ (ಆಂಟೆನಾಗಳು ಕೇಳಿದ್ದರ ನಡುವಿನ ನಂಟಿನ ಪಟ್ಟಿ) ಕಟ್ಟಿ, ಅದರಿಂದಲೇ ವೇಟ್, ಅಂದರೆ ಯಾವ ಆಂಟೆನಾವನ್ನು ಹೇಗೆ ಕೂಡಿಸಬೇಕು ಅನ್ನುವ ಅಂಕಿ, ತೆಗೆದೆ. ನೇರ ಬಂದದ್ದು, ಬಂಡೆಗೆ ಬಡಿದು ಬಂದದ್ದು, ಎರಡೂ ಒಟ್ಟಿಗೆ ಅಡಗಿದವು! ಆ ರಾತ್ರಿ ನಿದ್ದೆ ಬರಲಿಲ್ಲ.

ಗೇನ್ (ಸಿಗ್ನಲ್ ಹಿಗ್ಗಿಸುವ ಮಟ್ಟ) ಮಾತ್ರ ತಗ್ಗಿಸಿಡಿ. ಡಾಂಗಲ್ ಅಳೆಯುವ ಎಂಟು ಬಿಟ್ ತುಂಬಿಹೋದರೆ ಯಾವ ವೇಟೂ ಕೆಲಸಕ್ಕೆ ಬರಲ್ಲ.

ನಡುವೆ 1090 ಮೆಗಾಹರ್ಟ್ಸ್‌ಗೆ ತಿರುಗಿಸಿ ವಿಮಾನಗಳ ಸಿಗ್ನಲ್ಲನ್ನೂ ಹಿಡಿದೆ. ಅವು ತಾವೆಲ್ಲಿದ್ದೇವೆ ಅಂತ ತಾವೇ ಹೇಳುತ್ತವೆ, ಹಾಗಾಗಿ ಅರೇ ಪರೀಕ್ಷೆಗೆ ಪುಕ್ಕಟೆ ಅಳತೆಗೋಲು. ದಿಕ್ಕು ಐದಾರು ಡಿಗ್ರಿ ತಪ್ಪಿನೊಳಗೇ ಸಿಕ್ಕಿತು.

ಒಟ್ಟು ಖರ್ಚು ಇಪ್ಪತ್ತೆರಡು ಸಾವಿರದ ಹತ್ತಿರ. ಈಗ ನೂರು ಪ್ಯಾಕೆಟ್‌ನಲ್ಲಿ ಐದಾರು ಹೋಗುತ್ತವೆ, ಅದೂ ಟೋಲ್‌ನಲ್ಲಿ ಲಾರಿ ಜಾಸ್ತಿ ಇರುವ ರಾತ್ರಿ. ಕಾಲುವೆಗೆ ನೀರು ಬಿಡುವುದರೊಳಗೆ ಐದನೇ ಆಂಟೆನಾ ಏರಿಸಬೇಕು.